ಮಾವನ ಕರ್ಸರ್

ನಮ್ಮ ಮಾವನಂಥ ಸೋಮಾರಿ ಇಡೀ ಮದರಾಸಿನಲ್ಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಮಾವ ಅದನ್ನೇ 'ಟೆಕ್ನಿಕ್' ಎನ್ನುತ್ತಿದ್ದರು!

ಮಾವ ಎಂದರೆ ಅಮ್ಮನ ತಮ್ಮ. ಅಲ್ಲಿನ ಗಿಂಡಿ ಬಡಾವಣೆಯ ಒಂದು ಆಫೀಸಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತಿತ್ತು. ಲೋಕವೆಲ್ಲ ಮೌಸ್ ಹಿಡಿದು ಬಣ್ಣದ ಚಿತ್ರ ಒತ್ತುತ್ತಿದ್ದಾಗ ಇವರದು ಕಪ್ಪು ಪರದೆ, ಹಸಿರು ಅಕ್ಷರ, ಮಿಣುಕುವ ಕರ್ಸರ್. ಅದನ್ನು ಬೇಕಾದ ಸಾಲಿಗೆ ಓಡಿಸುವ, ಬೇಕಾದ ಅಕ್ಷರ ಅಳಿಸುವ ಆಜ್ಞೆಗಳನ್ನು ಬರೆದು ಒಂದು ಗಂಟು ಕಟ್ಟಿಡುವುದು ಅವರ ಕೆಲಸ. ಬೇರೆ ಪ್ರೋಗ್ರಾಂನವರು ಅದನ್ನು ಬಳಸಿಕೊಳ್ಳುತ್ತಾರೆ. ಆ ಗಂಟಿಗೆ ಲೈಬ್ರರಿ ಎನ್ನುತ್ತಾರಂತೆ. ಅಮ್ಮನಿಗೆ ಇದೆಲ್ಲ ಎಲ್ಲಿ ಗೊತ್ತು? "ನನ್ನ ತಮ್ಮ ಲೈಬ್ರರೀಲಿದಾನೆ" ಎಂದು ಬೀದಿಗೆಲ್ಲ ಸಾರಿದಳು. ಪಕ್ಕದ ಮನೆಯ ಮಾಮಿ ಮಾವನನ್ನು ಗೇಟಿನಲ್ಲೇ ಹಿಡಿದು, ಓದಲು ಎರಡು ಒಳ್ಳೆ ಕಾದಂಬರಿ ತಂದುಕೊಡಪ್ಪಾ ಎಂದುಬಿಟ್ಟರು!

ಒಂದಕ್ಷರ ಬದಲಾದರೆ ಇಡೀ ಪರದೆ ಅಳಿಸಬಾರದು, ಬದಲಾದ ಜಾಗವನ್ನಷ್ಟೇ ಮುಟ್ಟಬೇಕು, ವೇಗ ಎಂದರೆ ಅದೇ ಎನ್ನುವುದು ಮಾವನ ಸಿದ್ಧಾಂತ. ಆಫೀಸಿಗೇನೋ ಸರಿ, ಮನೆಗೆ? ಬೆಸೆಂಟ್ ನಗರದ ಮನೆಯಲ್ಲಿ ಅತ್ತೆ ನೆಲ ಒರೆಸಲು ಹೇಳಿದರೆ, ಕಾಫಿ ಚೆಲ್ಲಿದ್ದ ಅಂಗೈಯಗಲ ಒರೆಸಿ ಎದ್ದರು.

"ಏನ್ರೀ, ಅಷ್ಟೇನಾ?"

"ಮಿಕ್ಕಿದ್ದು ಚೇಂಜೇ ಆಗಿಲ್ವಲ್ಲೇ!"

"ಹಂಗಾದ್ರೆ ನಾಳೆಯಿಂದ ಸ್ನಾನಾನೂ ಕೊಳೆ ಇರೋ ಕಡೆ ಮಾತ್ರ ಮಾಡಿ. ಪೋದುಂ, ಸಾಕು!"

ಅಂಥ ಅತ್ತೆಗೆ ಒಂದು ದಿನ ಪಾರ್ಶ್ವವಾಯು ಬಡಿಯಿತು. ಎಲ್ಲ ಅರ್ಥವಾಗುತ್ತಿತ್ತು, ನಾಲಿಗೆ ಮಾತ್ರ ಹೊರಳದು. ಕೈಗಳೂ ಸೋತವು. ಎಡಗೈಯ ಒಂದು ಬೆರಳಷ್ಟೇ ಹೇಳಿದಂತೆ ಕೇಳುತ್ತಿತ್ತು.

ಮಾವ ರಜೆ ಹಾಕಿ, ಮಂಚದ ಪಕ್ಕ ಕಂಪ್ಯೂಟರ್ ತಂದಿಟ್ಟರು. ಆ ಪರದೆಗೆ ಕನ್ನಡ ಬಾರದು. ಇಂಗ್ಲಿಷ್ ಅಕ್ಷರಗಳನ್ನೇ ದಪ್ಪಗೆ ಸಾಲಾಗಿ ಜೋಡಿಸಿದರು. ಕರ್ಸರ್ ಒಂದೊಂದರ ಮೇಲೂ ತಾನೇ ಹಾದುಹೋಗುತ್ತದೆ. ಬೇಕಾದಲ್ಲಿ ಅತ್ತೆ ಒಂದು ಕೀ ಒತ್ತಿದರಾಯಿತು. ಮೊದಲು ಅತ್ತೆಯ ಬೆರಳು ಏಳುವಷ್ಟರಲ್ಲಿ ಅದು ಮುಂದೆ ಹೋಗಿರುತ್ತಿತ್ತು. ಮಾವ ನಿಧಾನ ಮಾಡಿದರು. ಇನ್ನೂ ನಿಧಾನ. ವೇಗದ ಬಗ್ಗೆ ಜಂಬ ಕೊಚ್ಚುತ್ತಿದ್ದ ಮನುಷ್ಯ ಅದನ್ನು ಅಂಬೆಗಾಲಿಗೆ ಇಳಿಸಿದರು.

"ಕಾಫಿ ಬೇಕಾ? ಫ್ಯಾನ್ ಜೋರು ಮಾಡ್ಲಾ? ಅವಸರ ಇಲ್ಲ, ನಿಧಾನಕ್ಕೆ ಒತ್ತಮ್ಮಾ" ಎನ್ನುತ್ತ ಪಕ್ಕದಲ್ಲೇ ಬಗ್ಗಿ ನಿಂತಿದ್ದರು.

ಅಕ್ಷರಗಳು ಒಂದೊಂದಾಗಿ ಬಿದ್ದವು. ಅತ್ತೆಯ ಹಣೆ ಬೆವರಿತು. ಕನ್ನಡಕ ಮಂಜಾಗಿದ್ದ ಮಾವ, "ಏನಂತೆ, ನೀನೇ ಓದು" ಎಂದು ಅತ್ತೆಯನ್ನು ನೋಡಲು ಬಂದಿದ್ದ ನನಗೆ ಹೇಳಿದರು.

"ಕೂತ್ಕೊಳ್ಳಿ" ಎಂದು ಓದಿದೆ.

ಬೆಳಗಿನಿಂದ ನಿಂತೇ ಇದ್ದ ಮಾವ ಅತ್ತೆಯ ಮಂಚದಂಚಿನಲ್ಲಿ ಮೆಲ್ಲಗೆ ಕೂತರು.