ಗೋಡೆಯ ಮೇಲಿನ ಗಂಡಸಿಗೆ, ನನ್ನ ಗರ್ಭಕೋಶದ ವಿಷಯವಾಗಿ

ಸಮಗ್ರ ಸ್ತ್ರೀ ಆರೋಗ್ಯ ಕೇಂದ್ರದ ಎರಡನೆಯ ಕೋಣೆಯಲ್ಲಿ, ಕಿಟಕಿಗೂ ಕೈ ತೊಳೆಯುವ ಬೇಸಿನ್ನಿಗೂ ನಡುವೆ, ಎರಡು ಮೊಳೆಗಳ ಆಧಾರದಲ್ಲಿ ವಿರಾಜಮಾನರಾಗಿರುವ ಅಕ್ಯುಪಂಕ್ಚರ್ ನಕ್ಷೆಯ ಪುರುಷೋತ್ತಮರಾದ ಮಾನ್ಯರೇ,

ತಮ್ಮ ಪಾದಗಳಿಗೆ, ಅಂದರೆ ಅಂಗಾತ ಮಲಗಿದವಳ ಕಣ್ಣಿಗೆ ಮೊದಲು ಬೀಳುವ ಭಾಗಕ್ಕೆ, ಅನಂತ ವಂದನೆಗಳು. ಪತ್ರದ ಆರಂಭದಲ್ಲಿ 'ನಾನು ಕ್ಷೇಮ' ಎಂದು ಬರೆಯುವುದು ವಾಡಿಕೆ. ಕ್ಷೇಮವಾಗಿದ್ದಿದ್ದರೆ ತಮ್ಮ ಪರಿಚಯವೇ ಆಗುತ್ತಿರಲಿಲ್ಲವಾದ್ದರಿಂದ ಆ ಸಾಲನ್ನು ಕೈಬಿಟ್ಟಿದ್ದೇನೆ. ತಮ್ಮ ಕ್ಷೇಮವನ್ನಂತೂ ವಿಚಾರಿಸುವ ಅಗತ್ಯವೇ ಇಲ್ಲ: ಮೈತುಂಬ ಮುನ್ನೂರಕ್ಕೂ ಮಿಕ್ಕಿ ಚುಚ್ಚುವ ಚುಕ್ಕೆಗಳು, ಮುಖದಲ್ಲಿ ಒಂದೇ ಒಂದು ಸುಕ್ಕಿಲ್ಲ.

ನಾನು ಮಂಗಳವಾರ ಹನ್ನೊಂದು ಗಂಟೆಯವಳು. ಹೆಂಗಸರ ಉಡುಪು ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜು ನನ್ನದು; ಇಪ್ಪತ್ತೊಂದು ವರ್ಷದಿಂದ ನಿಂತೇ ದುಡಿದವಳು. ತಿಂಗಳಿಗೆ ಐದು ದಿನವಿದ್ದ ಮುಟ್ಟು ಒಂಬತ್ತಾಗಿ, ಒಂಬತ್ತು ಹದಿಮೂರಾಗಿ, ಮೇಜಿನ ಅಂಚು ಹಿಡಿದು ಹಲ್ಲು ಕಚ್ಚುವ ಹಂತಕ್ಕೆ ಬಂದಾಗ ಸ್ಕ್ಯಾನ್ ಮಾಡಿಸಿಕೊಳ್ಳುತ್ತೇನೆಂದು ಮನೆಯಲ್ಲಿ ಬಾಯಿಬಿಟ್ಟೆ. ನನ್ನ ನಾದಿನಿ, ಮೊಣಕಾಲು ನೋವಿಗೆ ತಮ್ಮ ಕೇಂದ್ರಕ್ಕೆ ಬಂದು ಕುಣಿಯುತ್ತ ಹೋದವಳು, 'ಅಯ್ಯೋ ಅತ್ತಿಗೆ, ಆಸ್ಪತ್ರೆಗೆ ಹೋದ್ರೆ ಮೊದಲು ಕತ್ತರೀನೇ ತೆಗೆಯೋದು ಅವರು' ಎಂದು ಬೆದರಿಸಿದಳು. ಕತ್ತರಿಯಿಂದಲೇ ಅನ್ನ ತಿನ್ನುವ ನಾನು ಕತ್ತರಿಗೆ ಹೆದರಿ ಸೂಜಿಗೆ ಶರಣಾದೆ. ಹೆಂಗಸಿನ ಬುದ್ಧಿ ಮೊಣಕಾಲ ಕೆಳಗೆ ಎಂಬ ಗಾದೆಯನ್ನು ಇನ್ನೊಬ್ಬರ ಮೊಣಕಾಲಿನಿಂದ ಸಾಧಿಸಿ ತೋರಿಸಿದೆ.

ತಮ್ಮ ಒಡತಿಯಾದ ಚಿಕಿತ್ಸಕಿಯ ಜೇನುದನಿಯನ್ನು ಎಷ್ಟು ಹೊಗಳಿದರೂ ಸಾಲದು. 'ಸಮಗ್ರ ಅಂದ್ರೆ ಇಡೀ ಹೆಂಗಸನ್ನ ನೋಡೋದು ಕಣ್ರೀ, ಬರೀ ಗರ್ಭಕೋಶ ಅಲ್ಲ' ಎಂದು ಅವರು ಮೊದಲ ದಿನವೇ ಅಪ್ಪಣೆ ಕೊಡಿಸಿ, ನೂರಹನ್ನೆರಡು ಪ್ರಶ್ನೆಗಳ ಅರ್ಜಿಯನ್ನು ನನ್ನ ತೊಡೆಯ ಮೇಲಿಟ್ಟರು. ನನಗಿಷ್ಟವಾದ ಬಣ್ಣ ಯಾವುದು, ಬಾಲ್ಯದಲ್ಲಿ ಯಾವ ಪ್ರಾಣಿಗೆ ಹೆದರುತ್ತಿದ್ದೆ, ಯಾರನ್ನು ಇನ್ನೂ ಕ್ಷಮಿಸಿಲ್ಲ ಎಂಬುದನ್ನೆಲ್ಲ ವಿಚಾರಿಸಿದ ಆ ಅರ್ಜಿಯಲ್ಲಿ, ರಕ್ತ ಎಷ್ಟು ಹೋಗುತ್ತದೆ ಎಂಬ ಒಂದು ಪ್ರಶ್ನೆ ಮಾತ್ರ ಇರಲಿಲ್ಲ. ನಾನೇ ಅಂಚಿನಲ್ಲಿ ಬರೆದುಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, 'ಅದು ರಕ್ತ ಅಂದ್ಕೋಬೇಡಿ, ನೀವು ಇಷ್ಟು ವರ್ಷ ತಡೆದಿಟ್ಟ ಕಣ್ಣೀರು ಅದು' ಎಂದರು. ಕಣ್ಣೀರಿನ ಕಲೆ ಬಿಡಿಸಲು ಅಷ್ಟೊಂದು ಸೋಪು ಬೇಕಾಗುತ್ತದೆಂದು, ದಿನಾ ಒಗೆಯುವ ನನಗೆ, ಅಂದಿನವರೆಗೆ ತಿಳಿದಿರಲಿಲ್ಲ.

ಇನ್ನು ತಮ್ಮ ವಿಷಯ. ನನ್ನ ಕಣಕಾಲಿನ ಮೇಲೆ ನಾಲ್ಕು ಬೆರಳು ದೂರದಲ್ಲಿ ಹೆಂಗಸರ ಸಕಲ ಕಷ್ಟಗಳಿಗೂ ಪರಿಹಾರವಾದ ಒಂದು ಬಿಂದು ಇದೆಯಂತೆ. ಅದನ್ನು ಹುಡುಕಲು ಅವರು ಪ್ರತಿ ಸಲವೂ ಗೋಡೆಯ ಮೇಲಿನ ತಮ್ಮ ಕಾಲನ್ನು ಮುಟ್ಟಿ ನೋಡಿ, ಬಳಿಕ ನನ್ನ ಕಾಲಿಗೆ ಬರುತ್ತಿದ್ದರು. ನನ್ನ ಮುಟ್ಟಿನ ಮಾರ್ಗಗಳೆಲ್ಲ ಗೆರೆ ಎಳೆದು ತೋರಿಸಿರುವುದು ತಮ್ಮ ಮೈಮೇಲೆ. ನನಗೆ ನೋವಿರುವ ಜಾಗದಲ್ಲಿ ತಮಗಿರುವುದು ಚಿತ್ರಕಾರ ನಾಚಿಕೊಂಡು ಬಿಟ್ಟ ಬಿಳಿಯ ತೇಪೆ. ನಮ್ಮ ಅಂಗಡಿಯಲ್ಲಿ ಗಂಡಸರ ಶರಟಿನ ಮಾದರಿ ಕಾಗದ ಹಾಸಿ ಹೆಂಗಸಿನ ಮೇಲಂಗಿ ಕತ್ತರಿಸಿದವರನ್ನು ಅಂದು ಸಂಜೆಯೊಳಗೇ ಮನೆಗೆ ಕಳಿಸುತ್ತಾರೆ. ತಮ್ಮಲ್ಲಿ ಅಂಥವರಿಗೆ ಚೌಕಟ್ಟು ಹಾಕಿಸಿದ ಪ್ರಮಾಣಪತ್ರಗಳಿವೆ.

ಸತ್ಯಕ್ಕೆ ಚ್ಯುತಿ ಬರಬಾರದು: ಆ ಮಂಚ ನನಗೆ ಸುಖ ಕೊಟ್ಟಿದೆ. ಬೆನ್ನು ಹಗುರಾದದ್ದೂ ನಿಜ. ಸೂಜಿ ಚುಚ್ಚಿಸಿಕೊಂಡ ಹೆಂಗಸನ್ನು ಯಾರೂ ಎಬ್ಬಿಸುವಂತಿಲ್ಲ, ಯಾರೂ ಬಾಗಿಲು ತಟ್ಟಿ 'ಬಾಬಿನ್ ಎಲ್ಲಿಟ್ಟಿದ್ದೀ', 'ಟವೆಲ್ ಎಲ್ಲಿದೆ' ಎಂದು ಕೇಳುವಂತಿಲ್ಲ. ವಾರಕ್ಕೆ ನಲವತ್ತು ನಿಮಿಷದ ಈ ರಜೆಗಾಗಿ ನಾನು ಮುಳ್ಳುಹಂದಿಯಾಗಲೂ ಸಿದ್ಧಳಾಗಿದ್ದೆ. ಎಂಟು ತಿಂಗಳು ಬಂದದ್ದು ಅದಕ್ಕೇ. ಹೊಟ್ಟೆಯ ಮೇಲೆ ಎಣ್ಣೆಪಟ್ಟಿ ಕಟ್ಟಿಕೊಂಡೆ, ಮೈಗೆ ಶಾಖ ಕೊಡುವ ಮೂಲಿಕೆಯ ಕಿಡಿಬತ್ತಿಯ ಹೊಗೆಯಲ್ಲಿ ಕೆಮ್ಮಿದೆ, ಚಂದ್ರನ ವೃದ್ಧಿಕ್ಷಯಗಳ ದಿನಚರಿ ಬರೆದೆ. ಚಂದ್ರ ನಿಯಮಿತವಾಗಿ ಕ್ಷೀಣಿಸುತ್ತಿದ್ದ, ನಾನು ಅನಿಯಮಿತವಾಗಿ. ನಡುವೆ ಎರಡು ಸಲ ಸ್ಕ್ಯಾನಿನ ಮಾತೆತ್ತಿದೆ. 'ನಲವತ್ತು ಸಲ ಪೂರ್ತಿ ಆಗ್ಲಿ. ಈಗಲೇ ಒಳಗೆ ಇಣುಕಿದ್ರೆ ಗರ್ಭಕೋಶಕ್ಕೆ ನಿಮ್ಮ ಮೇಲಿನ ನಂಬಿಕೆ ಹೊರಟುಹೋಗುತ್ತೆ' ಎಂಬ ಉತ್ತರ ಬಂತು. ನನ್ನ ಮೇಲೆ ನಂಬಿಕೆಯಿಟ್ಟ ಏಕೈಕ ಬಂಧುವನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮೂವತ್ತನಾಲ್ಕನೆಯ ಸೂಜಿವಾರದ ಮರುದಿನ, ನೀಲಿ ಲಿನನ್ನಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದವಳು ಗೆರೆಯನ್ನು ನೆಲದವರೆಗೂ ಎಳೆದುಕೊಂಡು ಬಿದ್ದೆನಂತೆ. ಅಂಗಡಿಯ ಯಜಮಾನಿ ನನ್ನ ಗರ್ಭಕೋಶದ ಅಭಿಪ್ರಾಯ ಕೇಳದೆಯೇ ಆಸ್ಪತ್ರೆಗೆ ಹೊತ್ತೊಯ್ದರು. ಅಲ್ಲಿ ಸ್ಕ್ಯಾನ್ ಮಾಡುವಾಕೆ ಪರದೆಯನ್ನು ನನ್ನತ್ತ ತಿರುಗಿಸಿ, ದೊಡ್ಡ ಕಿತ್ತಳೆಯ ಗಾತ್ರದ ಗಡ್ಡೆಯೊಂದನ್ನು ತೋರಿಸಿ, 'ಇದನ್ನ ಹೊತ್ಕೊಂಡು ಹೇಗಮ್ಮಾ ಇಷ್ಟು ದಿನ ನಿಂತಿದ್ದೆ?' ಎಂದಳು. ನೂರಹನ್ನೆರಡರಲ್ಲಿ ಇಲ್ಲದ ಪ್ರಶ್ನೆ. ನನಗೆ ಆಗ ಅಳು ಬಂತು; ನಿಜವಾದ ಕಣ್ಣೀರು ಬಣ್ಣವಿಲ್ಲದ್ದೆಂದು ಖಾತ್ರಿಯೂ ಆಯಿತು.

ಎರಡು ಬಾಟಲಿ ರಕ್ತ ಏರಿಸಿದ ಮೇಲೆ ಡಾಕ್ಟರು ಹೇಳಿದ್ದು ಇಷ್ಟು: ಕೆಟ್ಟ ಗಡ್ಡೆಯಂತೆ ಕಾಣುವುದಿಲ್ಲ, ಆರೆಂಟು ತಿಂಗಳು ಮೊದಲೇ ಬಂದಿದ್ದರೆ ಗಡ್ಡೆಯಷ್ಟನ್ನೇ ತೆಗೆದು ಗರ್ಭಕೋಶ ಉಳಿಸುವುದು ಸುಲಭವಿತ್ತು, ಈಗ ಹೊಟ್ಟೆ ತೆರೆದ ಮೇಲೆಯೇ ಹೇಳಬೇಕು, ಇಡಿಯಾಗಿ ತೆಗೆಯಬೇಕಾಗಿ ಬರಬಹುದು. ಸಮಗ್ರ ಚಿಕಿತ್ಸೆ ಎಂದರೆ ಏನೆಂದು ಕೊನೆಗೂ ಅರ್ಥವಾಯಿತು. ಶಸ್ತ್ರಚಿಕಿತ್ಸೆ ಗುರುವಾರ.

ಆದ್ದರಿಂದ ತಮ್ಮಲ್ಲಿ ವಿನಮ್ರ ಪ್ರಾರ್ಥನೆ. ದಯವಿಟ್ಟು ಮೊಳೆಗಳಿಂದಿಳಿದು ಬಂದು, ಹದಿಮೂರು ದಿನ, ಬಿಳಿಯ ಪ್ಯಾಂಟು ತೊಟ್ಟು, ನನ್ನ ಮೇಜಿನ ಬಳಿ ನಗುಮುಖದಿಂದ ನಿಲ್ಲಬೇಕು. ತಮ್ಮ ಬಿಳಿ ತೇಪೆಯ ಜಾಗ ಹೇಗೂ ಖಾಲಿಯಿರುವುದರಿಂದ ಈ ಕಿತ್ತಳೆಯನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬೇಕು. ಯಾರನ್ನು ಕ್ಷಮಿಸಿಲ್ಲವೆಂಬ ಪ್ರಶ್ನೆಗೆ ನನ್ನ ಪರವಾಗಿ ಉತ್ತರ ತುಂಬಬೇಕು, ಹಾಳೆ ಸಾಲದಿದ್ದರೆ ನಾನು ಒದಗಿಸುತ್ತೇನೆ. ಇವು ಕಷ್ಟವೆನಿಸಿದರೆ, ತಮ್ಮ ಹಣೆಯ ಮೇಲೆ ಇನ್ನೂ ಚುಕ್ಕೆಯಿಲ್ಲದ ಜಾಗದಲ್ಲಿ, 'ಮೊದಲು ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ, ಆಮೇಲೆ ಬೇಕಿದ್ದರೆ ಮಲಗಿ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡರೂ ಸಾಕು. ಈಗ ಮಂಗಳವಾರ ಹನ್ನೊಂದು ಗಂಟೆಗೆ ಅಲ್ಲಿ ಬೇರೊಬ್ಬಳು ಮಲಗಿರುತ್ತಾಳೆ.

ತಮ್ಮೆದುರು ಮೂವತ್ತನಾಲ್ಕು ಸಲ ಮಲಗಿ, ಈಗ ಎದ್ದಿರುವ,
ತಮ್ಮ ವಿಶ್ವಾಸಿ,
ಕತ್ತರಿಯವಳು

ಮರೆತ ಮಾತು: ಇಂದು ಬೆಳಗ್ಗೆ, ನನ್ನ ನಾದಿನಿಯಿಂದ ಸುದ್ದಿ ತಿಳಿದ ಚಿಕಿತ್ಸಕಿ ಫೋನು ಮಾಡಿ, 'ನೋಡಿದ್ರಾ, ಚೆಲ್ಲಾಪಿಲ್ಲಿಯಾಗಿದ್ದ ನೋವನ್ನೆಲ್ಲ ನಮ್ಮ ಸೂಜಿಗಳು ಒಂದೇ ಕಡೆ ಗಂಟು ಕಟ್ಟಿ ಕೊಟ್ಟಿವೆ, ಡಾಕ್ಟ್ರಿಗೆ ಕೆಲಸ ಎಷ್ಟು ಸಲೀಸಾಯ್ತು' ಎಂದು ಅಭಿನಂದಿಸಿ, 'ನಮ್ಮಿಂದ ಚೇತರಿಸಿಕೊಂಡವರು' ಎಂಬ ಫಲಕಕ್ಕೆ ಒಂದು ಭಾವಚಿತ್ರ ಕೇಳಿದರು. ಸಂತೋಷದಿಂದ ಒಪ್ಪಿದ್ದೇನೆ. ಗುರುವಾರ ಗಡ್ಡೆ ಹೊರಗೆ ಬಂದ ಕೂಡಲೇ ಅದರ ಚಿತ್ರ ತೆಗೆಸಿ ಕಳಿಸುತ್ತೇನೆ. ತಮ್ಮ ಕೇಂದ್ರದ ಆರೈಕೆಯಲ್ಲಿ ಎಂಟು ತಿಂಗಳು ಯಾರ ಕಾಟವೂ ಇಲ್ಲದೆ ಮೈಕೈ ತುಂಬಿಕೊಂಡದ್ದು ಅದೊಂದೇ.