ಸೋರಬೇಕಾಗಿದ್ದ ಮಾಡು

ಕಷ್ಟವನ್ನು ಅನುಭವಿಸುವುದಕ್ಕಿಂತ ಅದನ್ನು ಅರ್ಜಿಯಲ್ಲಿ ಬರೆದು ತೋರಿಸುವುದೇ ಹೆಚ್ಚು ಕಷ್ಟ ಎಂದು ಈ ಮಳೆಗಾಲದಲ್ಲಿ ನನಗೆ ತಿಳಿಯಿತು. ತಿಳಿಯಿತು ಎಂದರೂ ಪೂರ್ತಿ ಸರಿಯಲ್ಲ. ಏನು ನಡೆಯಿತೆಂಬುದೇ ನನಗೆ ಈಗಲೂ ಸ್ಪಷ್ಟವಿಲ್ಲ. ನಾನು ಭಟ್ಕಳದ ಒಂದು ಕಚೇರಿಯಲ್ಲಿ ಗುಮಾಸ್ತ. ತೆಂಗಿನಗುಂಡಿಯ ಹತ್ತಿರ ನಮ್ಮೂರ ಕನ್ನಡ ಶಾಲೆಯಲ್ಲಿ ಓದಿದವರ ಪೈಕಿ ಬರೆಯುವ ಚಟ ಅಂಟಿಸಿಕೊಂಡವನು ನಾನೊಬ್ಬನೇ. ಹಾಗಾಗಿ ಬೇಸಿಗೆ ರಜೆಯಲ್ಲಿ ಆ ಶಾಲೆಯ ಶಾರದಾ ಅಕ್ಕೋರು ನಮ್ಮ ಮನೆಗೆ ಬಂದರು. ಹೊನ್ನಾವರದಿಂದ ದಿನಾ ಬಸ್ಸಿನಲ್ಲಿ ಬಂದು ಪಾಠ ಮಾಡಿ ಹೋಗುವವರು ಅವರು. ಬೆಂಗಳೂರಿನ ಯಾವುದೋ ಸಂಸ್ಥೆಯವರು ಹಳ್ಳಿ ಶಾಲೆಗಳಿಗೆ ಹೊಸ ಮಾಡು, ಎಂದರೆ ಹೊಸ ಚಾವಣಿ, ಹಾಕಿಸಿಕೊಡುತ್ತಾರಂತೆ. "ಮಳೆ ಬಂದ್ರೆ ದೊಡ್ಡ ಕೋಣೆ ಪೂರಾ ಸೋರ್ತದೆ. ಐದೂ ಕ್ಲಾಸಿನ ಮಕ್ಕಳನ್ನು ಸಣ್ಣ ಕೋಣೆಲಿ ತುಂಬ್ಕಂಡು ಕೂರೂದು. ಹೋದ ವರ್ಷ ನಾಲ್ಕು ಮಕ್ಕಳು ಇಂಗ್ಲಿಷ್ ಶಾಲೆ ವ್ಯಾನ್ ಹತ್ತಿದ್ರು. ಈ ವರ್ಷವೂ ಅಷ್ಟು ಹೋದ್ರೆ ಶಾಲೆಗೆ ಬೀಗವೇ. ನೀವು ಚೆಂದ ಮಾಡಿ ಬರೀಬೇಕು," ಎಂದರು ಅಕ್ಕೋರು.

ನಾನು ಚೆಂದ ಮಾಡಿಯೇ ಬರೆದೆ. ಅರ್ಜಿಯಲ್ಲಿ 'ಈ ಶಾಲೆಯ ಬಗ್ಗೆ ನಿಮ್ಮ ಮರೆಯಲಾಗದ ನೆನಪು' ಎಂದು ಒಂದು ಜಾಗವಿತ್ತು. ಮೂರನೆಯ ಕ್ಲಾಸಿನಲ್ಲಿ ನಾನು ಸೋರುವ ಮಾಡಿನ ಕೆಳಗೆ ಕೊಡೆ ಬಿಡಿಸಿಕೊಂಡು ಕೂತು, ಇನ್ನೊಂದು ಕೈಯಲ್ಲಿ ಮಗ್ಗಿ ಬರೆದದ್ದನ್ನು ಅಲ್ಲಿ ತುಂಬಿಸಿದೆ. ಬರೆಯುತ್ತ ನನ್ನ ಕಣ್ಣೇ ಒದ್ದೆಯಾಯಿತು. ಆ ಖುಷಿಯಲ್ಲಿ ಕುಮಟಾದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಕೊಡೆ ಹಿಡ್ಕಂಡು ಕೂತದ್ದು ನಾನು. ನೀನು ಮಳೆ ಬಂದ್ರೆ ಶಾಲೆಗೇ ಹೋಗ್ತಿರಲಿಲ್ಲ," ಎಂದಳು. ಇರಬಹುದು. ಆದರೆ ಕೊಡೆಯ ಕಡ್ಡಿಯಿಂದ ನೀರು ಇಳಿದು ನನ್ನ ಅಂಗಿಯೊಳಗೆ ಹೋದದ್ದು ನನಗೆ ಈಗಲೂ ತಣ್ಣಗೆ ಗೊತ್ತಾಗುತ್ತದೆ. ಅವಳ ಬೆನ್ನಿನ ಮೇಲೆ ಇಳಿದ ನೀರು ನನ್ನ ಬೆನ್ನಿಗೆ ಹೇಗೆ ಗೊತ್ತಾಗಬೇಕು? ಈ ಪ್ರಶ್ನೆ ಬಗೆಹರಿಯುವ ಮೊದಲೇ ಅಕ್ಕೋರು ಅರ್ಜಿ ಕಳಿಸಿಬಿಟ್ಟಿದ್ದರು.

ಉತ್ತರ ಬಂತು. ಮಳೆ ಹಿಡಿದ ಮೇಲೆ ಬರುತ್ತೇವೆ, ಸೋರುವುದನ್ನು ಕಣ್ಣಾರೆ ನೋಡಿ ತೀರ್ಮಾನಿಸುತ್ತೇವೆ ಎಂದು ಬರೆದಿದ್ದರು. ಅವರು ಬರುವ ದಿನ ಬೆಳಿಗ್ಗೆ ಆಕಾಶ ಕಿತ್ತುಹೋದಂತೆ ಮಳೆ. ನಾನು ಹಿಗ್ಗಿಕೊಂಡು ಶಾಲೆಗೆ ಹೋದೆ. ದೊಡ್ಡ ಕೋಣೆಯಲ್ಲಿ ಕಾಲಿಟ್ಟರೆ ನೆಲ ಒಣಗಿ ಬಣಬಣ ಎನ್ನುತ್ತಿದೆ. ಮೇಲೆ ನೋಡಿದರೆ ಹಂಚಿನ ಅಡಿಗೆ ಉದ್ದಕ್ಕೂ ನೀಲಿ ಟರ್ಪಾಲು, ಸಂದುಗಳಲ್ಲಿ ದೋಣಿಯ ತೂತು ಮುಚ್ಚುವ ಫೈಬರ್ ಅಂಟು. ಬಾಗಿಲಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ದುರ್ಗಯ್ಯ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ನನ್ನ ಜೊತೆಗೇ ಓದಿದವನು, ಈಗ ದೋಣಿಯ ಯಜಮಾನ. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲವಲ್ಲ, ಗಂಡಸರೆಲ್ಲ ಊರಲ್ಲೇ ಇದ್ದರು. ದಡಕ್ಕೆ ಎಳೆದಿಟ್ಟ ದೋಣಿಗಳ ಮೇಲಿನ ಹೊದಿಕೆ ಬಿಚ್ಚಿ ತಂದು ಎರಡೇ ದಿನದಲ್ಲಿ ಮುಗಿಸಿದ್ದರು.

"ಎಂತ ಮಾಡಿದ್ದು ದುರ್ಗಯ್ಯ ಇದು?"

"ಬೆಂಗಳೂರಿಂದ ನೆಂಟರು ಬಂದು ಕೂರೂ ಜಾಗ. ಅವರ ತಲೆ ಮೇಲೆ ನೀರು ಬಿದ್ರೆ ಊರಿನ ಮರ್ಯಾದೆ ಎಂತ ಆಗ್ಬೇಕು?"

"ನೆಂಟರಲ್ಲ ಮಾರಾಯ. ಅವರು ಸೋರೂದು ನೋಡ್ಲಿಕ್ಕೇ ಬರೂದು."

"ಹಂಗಾದ್ರೆ ಇನ್ನೂ ಕೆಟ್ಟದ್ದು," ಎಂದ ದುರ್ಗಯ್ಯ.

ಕಾರು ಬಂತು. ಒಬ್ಬರು ಮೇಡಂ, ಒಬ್ಬ ಕ್ಯಾಮರಾದವನು, ಮತ್ತು ಡಿಕ್ಕಿಯ ತುಂಬ ಹೊಸ ಕೊಡೆಗಳು. ನನ್ನ ನೆನಪನ್ನು ಓದಿ ಮನಸ್ಸು ಕರಗಿ ಮಕ್ಕಳಿಗೆಂದು ತಂದದ್ದಂತೆ. ನೀವು ಕೊಡೆ ಹಿಡಿದು ಕೂತ ಜಾಗ ಯಾವುದು ಎಂದು ಮೇಡಂ ಕೇಳಿದರು. ನಾನು ಕಿಟಕಿಯ ಪಕ್ಕ ಕೈ ತೋರಿಸಿದೆ. ದುರ್ಗಯ್ಯ ನನಗೆ ಸಹಾಯ ಮಾಡುವವನಂತೆ, "ಈ ಕೋಣೆ ನಾವು ಶಾಲೆ ಬಿಟ್ಟ ಮೇಲೆ ಕಟ್ಟಿದ್ದಲ್ವನಾ?" ಎಂದು ನೆನಪು ಮಾಡಿಕೊಟ್ಟ. ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ನಾವೆಲ್ಲ ಕತ್ತೆತ್ತಿ ನಿಂತೆವು. ಒಂದು ಹನಿ ಬೀಳಲಿ, ಮೇಡಂ ಮೇಲೆ ಬೇಡ, ನನ್ನ ಮೇಲೇ ಬೀಳಲಿ ಎಂದು ನಾನು ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ. ಬೀಳಲಿಲ್ಲ. "ಶನಿವಾರದವರೆಗೆ ಸೋರ್ತಿತ್ತು ಮೇಡಂ," ಎಂದು ಅಕ್ಕೋರು ಸಣ್ಣ ದನಿಯಲ್ಲಿ ಹೇಳಿದರು. ಹಂಚು ಹೊತ್ತ ಮರದ ಪಕಾಸಿಯೆಲ್ಲ ಒಳಗೇ ಲಡ್ಡಾಗಿ ಪುಡಿಯಾಗುತ್ತಿದೆ, ಇದು ಬರೀ ತೇಪೆ ಎಂದು ನಾನೂ ವಿವರಿಸಿದೆ. ಆದರೆ ಕೊಡೆಯ ವಿಷಯದಲ್ಲಿ ಸಿಕ್ಕಿಬಿದ್ದವನ ಮಾತಿಗೆ ತೂಕ ಎಲ್ಲಿಂದ ಬರಬೇಕು? ಮೇಡಂಗೆ ಸಿಟ್ಟೇನೂ ಬರಲಿಲ್ಲ. ಊರವರೇ ಸೇರಿ ಶಾಲೆಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವುದು ತಮಗೆ ಎಲ್ಲೂ ಕಾಣಸಿಕ್ಕಿರಲಿಲ್ಲ ಎಂದು ದುರ್ಗಯ್ಯನ ಫೋಟೋ ತೆಗೆಸಿಕೊಂಡರು. ದುರ್ಗಯ್ಯನ ಮನೆಯಲ್ಲಿ ಒಣ ಸೀಗಡಿ ಚಟ್ನಿ ಹಾಕಿ ಎರಡು ಸಲ ಅನ್ನ ಬಡಿಸಿಕೊಂಡು ಉಂಡರು. ಇಲ್ಲಿಗಿಂತ ಕಷ್ಟದಲ್ಲಿರುವ ಇನ್ನೊಂದು ಶಾಲೆಯನ್ನು ನೋಡಲು ಕತಗಾಲದ ಕಡೆಗೆ ಹೊರಟುಹೋದರು.

ಕಾರು ತಿರುಗಿದ ಮೇಲೆ ನಾನು ದುರ್ಗಯ್ಯನನ್ನು ಕೇಳಿದೆ, ಎರಡು ದಿನದ ಕೆಲಸವನ್ನು ಇಷ್ಟು ವರ್ಷ ಯಾಕೆ ಮಾಡಲಿಲ್ಲ ಎಂದು. ಅವನು ಸ್ವಲ್ಪ ಯೋಚಿಸಿ, "ಇಷ್ಟು ವರ್ಷ ಯಾರೂ ಬರ್ತೇವೆ ಅಂತ ಹೇಳಿರಲಿಲ್ಲ," ಎಂದ. ಹಾಗಾದರೆ ಸಂಸ್ಥೆಯವರು ಬರುತ್ತೇವೆಂದು ಹೇಳಿಯೇ ನಮಗೆ ಮಾಡು ಕೊಟ್ಟರೆಂದು ಲೆಕ್ಕವೇ, ಅಥವಾ ನಾವು ಇದ್ದ ಮಾಡು ಸರಿಮಾಡಿ ಹೊಸ ಮಾಡು ಕಳೆದುಕೊಂಡೆವೇ? ಈ ವರ್ಷ ಮಕ್ಕಳು ಎರಡೂ ಕೋಣೆಯಲ್ಲಿ ಕೂತಿದ್ದಾರೆ, ಇಷ್ಟರವರೆಗೆ ಯಾರೂ ವ್ಯಾನ್ ಹತ್ತಿಲ್ಲ. ಆದರೆ ಬರುವ ವರ್ಷ ದೋಣಿಯವರಿಗೆ ಅವರ ಟರ್ಪಾಲು ಬೇಕೇ ಬೇಕು. "ಸೋರೂದರ ಒಂದು ಫೋಟೋ ಸಿಕ್ಕಿದ್ರೆ ಸಂಸ್ಥೆಯವರಿಗೆ ಇನ್ನೊಮ್ಮೆ ಬರೀಬಹುದಿತ್ತು," ಎನ್ನುತ್ತಾರೆ ಅಕ್ಕೋರು.

ಹಾಗಾಗಿ ಈಗ ದೊಡ್ಡ ಮಳೆ ಬಂದಾಗಲೆಲ್ಲ ನಾನು ಕಚೇರಿಗೆ ಅರ್ಧ ದಿನ ರಜೆ ಹಾಕಿ, ಮೊಬೈಲ್ ಹಿಡಿದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತೇನೆ. ಒಳಗೆ ಮಕ್ಕಳು ಬೆಚ್ಚಗೆ ಕೂತು ಪದ್ಯ ಹೇಳುತ್ತಿರುತ್ತಾರೆ, ನಾನು ಒಂದು ಹನಿಗಾಗಿ ಮೇಲೆ ನೋಡುತ್ತಿರುತ್ತೇನೆ. ಮೊನ್ನೆ ದುರ್ಗಯ್ಯ ಆ ದಾರಿಯಲ್ಲಿ ಬಂದವನು ನನ್ನ ಪಕ್ಕ ನಿಂತ.

"ಎಂತ ನೋಡ್ತೆ?"

"ಎಲ್ಲಾದ್ರೂ ಸೋರ್ತದೋ ಅಂತ."

ನನ್ನ ಕಾಳಜಿ ಅವನ ಮನಸ್ಸಿಗೆ ಮುಟ್ಟಿತು. ಇಷ್ಟು ಚಿಂತೆ ಮಾಡುವವರು ಊರಿಗೆ ಒಬ್ಬರಿದ್ದರೆ ಸಾಕು ಎಂದು ಬೆನ್ನು ತಟ್ಟಿ, ಏಣಿ ತಂದು ಗೋಡೆಗೆ ಒರಗಿಸಿದ. ಅನುಮಾನ ಇರುವ ಜಾಗ ತೋರಿಸು, ಇನ್ನೊಂದು ಟರ್ಪಾಲು ಹಾಕಿಯೇ ಬಿಡುತ್ತೇನೆ ಎಂದ. ಮಕ್ಕಳು ಪದ್ಯ ನಿಲ್ಲಿಸಿ ನನ್ನ ಬೆರಳನ್ನೇ ನೋಡುತ್ತಿದ್ದರು. ನಾನು ಒಂದು ಮೂಲೆಯನ್ನು ತೋರಿಸಿದೆ.