ಬಾಗಿಲಿನ ಅಗಲ

ದರ್ಜಿ ಹೋಟೆಲಿಗೆ ಫೋನ್ ಮಾಡಿ ಬಾಗಿಲಿನ ಅಗಲ ಕೇಳಿದ್ದ. ಯಾವ ಬಾಗಿಲು ಎಂದು ಮಾತ್ರ ಹೇಳಿರಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಅವನ ಅಕ್ಕನ ಗಾಲಿಕುರ್ಚಿ ಮಂತ್ರಿಯ ಕಾರಿನಂತೆ ಠೀವಿಯಿಂದ ರೂಮಿನೊಳಗೆ ಹೋಯಿತು. ಬಾತ್‌ರೂಮಿನ ಬಾಗಿಲಲ್ಲಿ ಠಣ್ಣೆಂದು ನಿಂತಿತು. ದರ್ಜಿ ಜೇಬಿನಿಂದ ಟೇಪು ತೆಗೆದು ಅಳೆದ. ಎರಡು ಬೆರಳಿನಷ್ಟು ಕಡಿಮೆ.

"ಎದೆಯ ಅಳತೆ ತಗೊಂಡು ತೋಳು ಮರೆತೆಯಲ್ಲೋ!" ಅಂದಳು ಅಕ್ಕ.

ತಮಾಷೆ ಮಾತಿನಲ್ಲಿತ್ತು, ಮುಖದಲ್ಲಿರಲಿಲ್ಲ. ಶಾಲೆಯ ಗೆಳತಿಯರೆಲ್ಲ ಇದೇ ಹೋಟೆಲಿನಲ್ಲಿ ಸೇರಿದ್ದರು. ಇಂಥ ಕೂಟಗಳನ್ನು ಅವಳು ವರ್ಷಗಟ್ಟಲೆ ತಪ್ಪಿಸಿಕೊಂಡಿದ್ದಳು. ಹಿಂದೊಮ್ಮೆ ಹೀಗೇ ಹೊರಟು, ಬಾತ್‌ರೂಮಿಗೆ ಹೋಗಲಾಗದೆ ದಿನವಿಡೀ ಗುಟುಕು ನೀರೂ ಕುಡಿಯದೆ, ಜ್ವರ ಹತ್ತಿಸಿಕೊಂಡು ಮನೆ ಸೇರಿದ್ದಳು. ಇವತ್ತೂ ಬೆಳಗಿನಿಂದ ನೀರು ಮುಟ್ಟಿರಲಿಲ್ಲ.

"ಕಾರಿನವನನ್ನ ಕಳಿಸ್ಬೇಡ. ಇದು ಆಗಲ್ಲ ಅಂದ್ರೆ ಹಾಗೇ ವಾಪಸ್ ಹೋಗೋಣ."

ಮ್ಯಾನೇಜರ್ ಓಡಿಬಂದ. "ನೀವು ಬಾಗಿಲು ಅಂದ್ರಿ, ನಾನು ರೂಮಿನ ಬಾಗಿಲು ಅಳೆದೆ ಸಾರ್. ಅದರಲ್ಲಿ ಒಂದು ನೂಲೂ ಆಚೀಚೆ ಇಲ್ಲ!"

"ಬೇರೆ ರೂಮ್ ಕೊಡಿ."

"ಎಲ್ಲಾ ಬಾತ್‌ರೂಮೂ ಒಂದೇ ಅಚ್ಚು ಸಾರ್."

ಗದ್ದಲ ಕೇಳಿ ಎದುರು ರೂಮಿನ ನಿವೃತ್ತ ಎಂಜಿನಿಯರ್ ಕನ್ನಡಕ ಏರಿಸಿಕೊಂಡು ಬಂದರು. ಕರೆಯದೆ ಬಂದವರಾದ್ದರಿಂದ ಸಲಹೆಗೆ ಬರವಿರಲಿಲ್ಲ. "ಕುರ್ಚಿ ಮಡಚಿ."

"ಮಡಚಿದ್ರೆ ನಾನೆಲ್ಲಿ ಕೂರೋದು?" ಅಂದಳು ಅಕ್ಕ.

"ಹಾಗಾದ್ರೆ ನಾಲ್ಕು ಜನ ಸೇರಿ ಎತ್ತಿಬಿಡೋಣ."

"ನಾನೇನು ಬೀರುನಾ?"

ಎಂಜಿನಿಯರ್ ಎರಡು ಹೆಜ್ಜೆ ಹಿಂದೆ ಸರಿದರು. ದರ್ಜಿ ಸೋಪು ಸವರಿ ನೋಡೋಣವೇ ಎಂದು ಕೇಳಿ, ಅಕ್ಕನ ನೋಟಕ್ಕೆ ಇಸ್ತ್ರಿ ತಾಗಿದ ನೈಲಾನಿನಂತೆ ಮುದುಡಿದ.

ಅಷ್ಟರಲ್ಲಿ ಅಕ್ಕ ಬಾಗಿಲನ್ನು ಹಿಂದೆ ಮುಂದೆ ಆಡಿಸುತ್ತಿದ್ದಳು. "ಪೂರ್ತಿ ತೆಗೆದ್ರೂ ಇದರ ದಪ್ಪ ದಾರಿಗೆ ಅಡ್ಡ ನಿಲ್ಲುತ್ತೆ. ಬಾಗಿಲನ್ನೇ ಬಿಚ್ಚಿಸಿ."

ಬಡಗಿ ಬಂದ. ಕೀಲು ಬಿಚ್ಚಿದ. ಬಾಗಿಲನ್ನು ಇಬ್ಬರು ಹೊತ್ತುಕೊಂಡು ಹೋದರು. ಅಕ್ಕ ಉಸಿರು ಬಿಗಿಹಿಡಿದು ಗಾಲಿ ತಿರುಗಿಸಿದಳು. ಕುರ್ಚಿ ಚೌಕಟ್ಟನ್ನು ಸವರಿಕೊಂಡು ಒಳಗೆ ಜಾರಿತು. ಗಂಡಸರೆಲ್ಲ ಚಪ್ಪಾಳೆ ತಟ್ಟಿದರು.

"ಚಪ್ಪಾಳೆ ಸಾಕು, ಎಲ್ಲರೂ ಹೊರಗೆ ನಡೀರಿ!" ಎಂದು ಒಳಗಿನಿಂದ ಅಕ್ಕನ ದನಿ ಬಂತು.

ಹೊರಬಂದ ಅಕ್ಕನ ಮುಖ ಒಗೆದು ಹರವಿದ ಬಟ್ಟೆಯಂತೆ ಬೆಳಗುತ್ತಿತ್ತು. ಒಂದು ಚೊಂಬು ನೀರನ್ನು ಗಟಗಟ ಕುಡಿದಳು. ಅದನ್ನು ನೋಡಿಯೇ ದರ್ಜಿಗೆ ಕಣ್ಣು ತುಂಬಿತು. ಕಾರಿನವನನ್ನು ಕಳಿಸಿದ. ಎದೆಯ ಮೇಲಿನ ಕಲ್ಲು ಇಳಿದ ಖುಷಿಯಲ್ಲಿ ಎಂಜಿನಿಯರ್ ಜೊತೆ ಕಾಫಿ ಕುಡಿದ, ಮ್ಯಾನೇಜರ್ ಜೊತೆ ಕಬ್ಬಿನ ಹಾಲು ಕುಡಿದ, ಬಡಗಿಯನ್ನು ಬೀಳ್ಕೊಡುವಾಗ ಮತ್ತೊಂದು ಕಾಫಿ ಕುಡಿದ.

ತನಗೂ ಒಂದು ದೇಹವಿದೆ ಎಂಬುದು ನೆನಪಾಗಿ ರೂಮಿಗೆ ಬಂದರೆ, ಕಾಲಿಡಲು ಜಾಗವಿಲ್ಲ. ಅಕ್ಕ ಬಂದಳೆಂದು ತಿಳಿದು ಗೆಳತಿಯರೆಲ್ಲ ಕೂಟವನ್ನೇ ಅಲ್ಲಿಗೆ ಎತ್ತಿಕೊಂಡು ಬಂದಿದ್ದರು. ಸಾಲಾಗಿ ಕೂತಿದ್ದರು, ಬಾಗಿಲಿಲ್ಲದ ಬಾತ್‌ರೂಮಿಗೆ ಮುಖಮಾಡಿ.

"ಬಾರೋ, ಇವನೇ ನನ್ನ ತಮ್ಮ! ಎಲ್ಲಾ ವ್ಯವಸ್ಥೆ ಇವನದೇ," ಎಂದು ಅಕ್ಕ ಬೀಗಿದಳು.

ದರ್ಜಿ ಹಲ್ಲುಕಿರಿದು ಎದುರು ರೂಮಿಗೆ ಓಡಿದ. ಬೀಗ. ಎಂಜಿನಿಯರ್ ವಾಕಿಂಗ್ ಹೋಗಿದ್ದರು. ಮ್ಯಾನೇಜರ್ ಬಳಿ ಓಡಿದ.

"ಇಲ್ಲಿ ಎಲ್ಲರಿಗೂ ಅಂತ ಒಂದು ಶೌಚಾಲಯ ಇರ್ಬೇಕಲ್ಲ?"

"ಇದೆ ಸಾರ್. ನಿಮ್ಮ ಬಾಗಿಲು ಅದರೊಳಗೇ ಇದೆ."

"ಅಂದ್ರೆ?"

"ಗೀರು ಬೀಳದೆ ಸೇಫಾಗಿರ್ಲಿ ಅಂತ ಓರೆ ಮಾಡಿ ನುಗ್ಗಿಸಿದ್ವಿ. ಈಗ ಅಡ್ಡ ಸಿಕ್ಕಿಕೊಂಡು ಈಚೆಗೆ ಬರ್ತಿಲ್ಲ, ಯಾರೂ ಒಳಗೆ ಹೋಗೋ ಹಾಗೂ ಇಲ್ಲ. ಬಡಗಿ ಸಂಜೆ ಬರ್ತಾನೆ. ಮಿಕ್ಕ ರೂಮೆಲ್ಲಾ ಆ ಹೆಂಗಸರದೇ ಸಾರ್, ಬೀಗದ ಕೈನೂ ಅವರ ಹತ್ರಾನೇ ಇದೆ."

ದರ್ಜಿ ಕಾಲಿಗೆ ಕಾಲು ಹೆಣೆದುಕೊಂಡು ರೂಮಿಗೆ ಮರಳಿದ. ಗೆಳತಿಯರ ನಗು ಸೂರು ಹಾರಿಸುವಂತಿತ್ತು. ಅಕ್ಕ ಮೂರನೆಯ ಲೋಟ ಚಹಾ ಕುಡಿಯುತ್ತ, ಇನ್ನೊಂದು ಲೋಟ ತುಂಬಿ ತಮ್ಮನತ್ತ ಚಾಚಿದಳು. "ತಗೊಳ್ಳೋ, ಪಾಪ, ಎಷ್ಟು ಓಡಾಡಿದ್ದೀಯ."

"ಬೇಡಕ್ಕ," ಅಂದ ದರ್ಜಿ. "ಪ್ರಯಾಣದಲ್ಲಿ ನಾನು ಏನೂ ಕುಡಿಯಲ್ಲ."